ಗೋಡಂಬಿ ಮುಟ್ಟಿದ ಕೈ

ಮೈಕ್ರೋಸ್ಕೋಪ್ ರಿಪೇರಿಯವನು ಆ ತಿಂಗಳಲ್ಲಿ ಮೂರನೇ ಸಲ ಬಂದಾಗ ಸಂಶೋಧಕಿಗೆ ನಗು ತಡೆಯಲಾಗಲಿಲ್ಲ. ಯಂತ್ರ ಚೆನ್ನಾಗಿಯೇ ಇತ್ತು. ಅದು ಅವನಿಗೂ ಗೊತ್ತು. ಆದರೂ ಲೆನ್ಸ್ ಒರೆಸಿದ್ದೇ ಒರೆಸಿದ್ದು, ನಡುನಡುವೆ ಅವಳನ್ನು ಕದ್ದು ನೋಡಿದ್ದೇ ನೋಡಿದ್ದು.

ಟೀ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕೂತು ಅವನು ಡಬ್ಬಿಯೊಂದನ್ನು ತೆರೆದ. ಅಕ್ಕನ ಹತ್ತಿರ ಕೇಳಿ ಕಲಿತು ತಾನೇ ಮಾಡಿದ ಗೋಡಂಬಿ ಬಿಸ್ಕತ್ತಂತೆ. ಹೇಳುವಾಗ ಅವನ ಕಿವಿ ಕೆಂಪಾಯಿತು. ಅವಳು ಒಂದು ತಿಂದಳು, ಇನ್ನೊಂದನ್ನೂ ತೆಗೆದುಕೊಂಡಳು.

ಏನು ಕೆಲಸ ಮಾಡ್ತೀರಿ ಎಂದು ಅವನು ಕೇಳಿದ್ದಕ್ಕೆ ಉತ್ಸಾಹದಿಂದ ಶುರುಮಾಡಿದಳು. ಕರುಳಿನ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅದು ಸಡಿಲವಾದರೆ ಆಹಾರದ ಚೂರುಗಳು ಒಳಗೆ ನುಸುಳುತ್ತವೆ. ಕಾವಲಿನ ಕೋಶಗಳು ಕೆಲವೊಮ್ಮೆ ಅವನ್ನೇ ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಮುಂದೆ ಅದೇ ತಿಂಡಿ ಬಂತೋ, ಮೈಯೆಲ್ಲ ಯುದ್ಧ.

ಮಾತು ಅಲ್ಲಿಗೇ ನಿಂತಿತು. ತುಟಿ ಜುಮ್ಮೆಂದಿತು. ಗಂಟಲು ಒಳಗಿನಿಂದ ಯಾರೋ ಹಿಸುಕಿದಂತಾಯಿತು. ಎಂಟು ವರ್ಷ ಗಾಜಿನ ಕೆಳಗೆ ನೋಡಿದ್ದು ಈಗ ತನ್ನೊಳಗೇ ನಡೆಯುತ್ತಿದೆ! ಹುಟ್ಟಿದಾಗಿನಿಂದ ಗೋಡಂಬಿ ತಿಂದವಳು ಅವಳು. ನಂಬಲಾಗಲಿಲ್ಲ.

"ಕಪಾಟು... ಇಂಜೆಕ್ಷನ್ ಪೆನ್ನು," ಎಂದಷ್ಟೇ ಹೇಳಲು ಅವಳಿಗೆ ಸಾಧ್ಯವಾಯಿತು.

ಅಲರ್ಜಿ ಪರೀಕ್ಷೆಗೆ ಬರುವ ರೋಗಿಗಳಿಗೆ ತುರ್ತಿಗೆಂದು ಇಟ್ಟಿದ್ದ ಪೆನ್ನನ್ನು ಅವನು ಓಡಿ ತಂದ. ಅವಳನ್ನು ಮಲಗಿಸಿ, ಅವಳು ತೋರಿಸಿದಂತೆ ತೊಡೆಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆಯಲ್ಲಿ ಉಸಿರು ಸರಾಗವಾದಾಗ ಅವನು ಬಾಗಿಲ ಬಳಿಯೇ ಬಿಳಿಚಿಕೊಂಡು ನಿಂತಿದ್ದ. ಸಂಜೆವರೆಗೆ ಯಾರಾದರೂ ಜೊತೆಗಿರಲಿ, ಇದು ಮರುಕಳಿಸಬಹುದು ಎಂದು ಡಾಕ್ಟರು ಹೇಳಿ ಹೋಗಿದ್ದರು. ಹೋದ ತಿಂಗಳು ತನಗೆ ಹೊಟ್ಟೆಯ ಸೋಂಕು ಬಂದಿತ್ತು, ಕರುಳು ಆಗಲೇ ಸಡಿಲವಾಗಿರಬಹುದು, ಖಚಿತವಾಗಿ ಹೇಳಲಾಗದು ಎಂದು ಅವಳು ಸಮಾಧಾನ ಹೇಳಿದಳು.

"ನಾನೇ ಕೈಯಾರೆ ಕೊಟ್ಟೆ," ಎಂದ ಅವನು. "ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋಕೆ ಬಂದಿದ್ದೆ. ಕೊಂದೇಬಿಡ್ತಿದ್ದೆ."

ಹತ್ತಿರ ಬಂದು ಅವಳ ಕೈ ಹಿಡಿಯಲು ಹೋದ. ಅವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಅವನ ಮುಖ ಇಳಿದುಹೋಯಿತು. ತಪ್ಪಾಯ್ತು ಎಂದು ಗೊಣಗಿ ಹೊರಟೇಬಿಟ್ಟ.

"ಎಲ್ಲಿಗೆ? ಗೋಡಂಬಿ ಮುಟ್ಟಿದ ಕೈ ಅದು. ಸೋಪು ಹಾಕಿ ತೊಳ್ಕೊಂಡು ಬನ್ನಿ. ಆಮೇಲೆ ಹಿಡ್ಕೊಳ್ಳಿ."

ಅವನು ಬಾಗಿಲಿಂದ ತಿರುಗಿ ಬಂದ. ಆಮೇಲೆ ಮೂಲೆಯ ಸಿಂಕಿನಲ್ಲಿ ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದ. ಒರೆಸಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ತೊಟ್ಟಿಕ್ಕುತ್ತಿದ್ದ ಆ ಕೈಯನ್ನು ಅವಳೇ ಎಳೆದು ಹಿಡಿದುಕೊಂಡಳು.