ಉಪ್ಪು ನೋಡಿ ಹೇಳುವವನು

ಇಬ್ಬರು ಕನ್ನಡದವರು ಮೆಲ್ಬರ್ನಿನ ಅಡುಗೆ ಕಾಲೇಜಿನಲ್ಲಿ ಒಂದೇ ಒಲೆಯ ಮುಂದೆ ನಿಂತು ಮೂರು ವಾರ ಹಿಂದಿಯಲ್ಲಿ ಒದ್ದಾಡಿದರು ಎಂದರೆ ಯಾರಾದರೂ ನಂಬುತ್ತಾರೆಯೇ? ಆದರೆ 2007ರ ಫೆಬ್ರವರಿಯಲ್ಲಿ ನಡೆದದ್ದು ಅದೇ. ಗದಗಿನ ಸಂಯುಕ್ತಾ ಅವನನ್ನು ತೆಲುಗಿನವನು ಅಂದುಕೊಂಡಿದ್ದಳು. ಮದ್ದೂರಿನ ಇಂದ್ರೇಶ್ ಅವಳನ್ನು ಮರಾಠಿಯವಳು ಅಂದುಕೊಂಡಿದ್ದ. ಅವಳ ಹಿಂದಿ ಟೀವಿ ನೋಡಿ ಕಲಿತದ್ದು, ಅವನದು ಯಾರಿಂದಲೂ ಕಲಿತದ್ದಲ್ಲ.

ಮೂರನೆಯ ವಾರ ಈರುಳ್ಳಿ ಹೆಚ್ಚುವ ಪಾಠ. "ಛೋಟಾ... ಔರ್ ಛೋಟಾ... ಐಸಾ ನಹೀ ಜೀ," ಎಂದು ಅವಳು ಹತ್ತನೆಯ ಸಲ ಹೇಳಿದಾಗ ಅವನು ತಲೆ ತಗ್ಗಿಸಿ ತನ್ನಷ್ಟಕ್ಕೆ ಗೊಣಗಿದ.

"ಅಯ್ಯೋ ಶಿವನೇ, ಈವಮ್ಮನ ಹಿಂದಿ ಕೇಳಿ ಕೇಳಿ ತಲೆ ಕೆಟ್ಟೋಯ್ತದೆ."

ಅವಳ ಕೈಯ ಚಾಕು ನಿಂತಿತು. "ಏನಂದ್ರಿ?"

ಅವನ ಮುಖ ನೋಡಬೇಕಿತ್ತು ಆಗ! ಕಿವಿಯ ತುದಿಯವರೆಗೂ ಕೆಂಪಾಗಿದ್ದ. "ನೀವೂ... ಕನ್ನಡದವ್ರಾ?"

"ಅಲ್ರೀ, ಮೂರ ವಾರದಿಂದ ಬಾಯಿಗಿ ಹೊಲಿಗಿ ಹಾಕ್ಕೊಂಡಿದ್ರೇನು? ಮೊದ್ಲ ಹೇಳಾಕ ಏನಾಗಿತ್ತು?"

"ನೀವ್ ಕೇಳಿದ್ರಾ?"

ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಪಾಠ ಮಾಡುತ್ತಿದ್ದ ಚೆಫ್ ನಿಕ್ ದೂರದಿಂದಲೇ ಗದರಿದ. ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡರು.

ಸಂಯುಕ್ತಾಳಿಗೆ ಅಡುಗೆಯ ಹುಚ್ಚೇನೂ ಇರಲಿಲ್ಲ. ಬಿ.ಕಾಂ. ಮುಗಿಸಿದವಳಿಗೆ ಏಜೆಂಟ್, "ಪಿಆರ್, ಅಲ್ಲೇ ಕಾಯಂ ಇರೋ ಪರ್ಮಿಷನ್, ಬೇಕಾ? ಹಾಗಾದ್ರೆ ಕುಕರಿ ಕೋರ್ಸ್ ಮಾಡಿ, ಒಂಬೈನೂರು ಗಂಟೆ ಕಿಚನ್‌ನಲ್ಲಿ ಕೆಲಸ ಮಾಡಿ," ಎಂದಿದ್ದ. ಆ ವರ್ಷಗಳಲ್ಲಿ ಅರ್ಧ ಊರೇ ಹಾಗೆ ಬರುತ್ತಿತ್ತು. ಅವಳು ಹುಟ್ಟಿದ್ದು ಮೊಟ್ಟೆಯೂ ಒಳಗೆ ಬಾರದ ಲಿಂಗಾಯತರ ಮನೆಯಲ್ಲಿ. ಇಲ್ಲಿ ನೋಡಿದರೆ ಎರಡನೆಯ ತಿಂಗಳಿಗೇ ಕೋಳಿ, ಆಮೇಲೆ ಕುರಿ, ಆಮೇಲೆ ಹೆಸರೇ ಕೇಳದ ಮೀನುಗಳು. ಹೆಚ್ಚಿದಳು, ತೊಳೆದಳು, ಬೇಯಿಸಿದಳು. ಬಾಯಿಗಿಡಲು ಮಾತ್ರ ಆಗಲಿಲ್ಲ. ನಿಕ್ ದಿನಕ್ಕೆ ನೂರು ಸಲ ಕೂಗುವುದು ಅದನ್ನೇ: ರುಚಿ ನೋಡಿ, ರುಚಿ ನೋಡದೆ ಪ್ಲೇಟಿಗೆ ಹಾಕಬೇಡಿ.

ಮೊದಲ ಸಲ ಕೋಳಿಯ ಸಾಸಿನ ಮುಂದೆ ಚಮಚ ಹಿಡಿದು ನಿಂತಾಗ ಅವಳ ಕಣ್ಣಲ್ಲಿ ನೀರು ಬಂತು. ಪಕ್ಕದಿಂದ ಒಂದು ಕೈ ಬಂದು ಚಮಚ ತೆಗೆದುಕೊಂಡಿತು.

"ಕೊಡಿ ಇಲ್ಲಿ. ಉಪ್ಪು ನೋಡೋಕೆ ಇಷ್ಟೊಂದು ಅಳಬೇಕಾ? ನಾನ್ ನೋಡಿ ಹೇಳ್ತೀನಿ ಬುಡಿ."

ಚೆಫ್ ನಿಕ್ ನೋಡಿದ, ಹೆಗಲು ಕುಣಿಸಿದ. ಪ್ಲೇಟಿಗೆ ಬಂದದ್ದು ಸರಿಯಿದ್ದರೆ ಯಾರ ನಾಲಿಗೆಯಾದರೇನು ಅಂದ.

ಅಂದಿನಿಂದ ಇಂದ್ರೇಶನೇ ಅವಳ ನಾಲಿಗೆಯಾದ. ನಾಲಿಗೆ ಅವನದು, ಅದನ್ನು ಓದುವ ಕಣ್ಣು ಇವಳದು. ಉಪ್ಪು ಹೆಚ್ಚಾದರೆ ಅವನ ಎಡ ಹುಬ್ಬು ಏರುತ್ತಿತ್ತು. ಕಡಿಮೆಯಾದರೆ ಕೆಳತುಟಿ ಚೂರು ಮುಂದೆ ಬರುತ್ತಿತ್ತು. ಹುಳಿಯಾದರೆ ಮೂಗು ಸುಕ್ಕಾಗುತ್ತಿತ್ತು. ಎಲ್ಲ ಸರಿಯಾಗಿ ಬಂದಿದ್ದರೆ ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ, ಆಮೇಲೆ ಕಣ್ಣು ತೆರೆದು ನೇರ ಅವಳನ್ನೇ ನೋಡುತ್ತಿದ್ದ.

ಆ ಕಣ್ಣು ತೆರೆಯುವ ಹೊತ್ತಿಗೆ ಅವಳ ಎದೆ ಯಾಕೆ ಡವಗುಟ್ಟಬೇಕು? ಸಾಸ್ ಸರಿಯಾಯಿತೋ ಇಲ್ಲವೋ ಎಂಬ ಆತಂಕ ಎಂದು ತನಗೆ ತಾನೇ ಹೇಳಿಕೊಂಡಳು. ಒಬ್ಬ ಹುಡುಗನ ಮುಖವನ್ನು ಹಾಡುಹಗಲೇ, ಇಷ್ಟು ಹತ್ತಿರದಿಂದ, ಯಾರ ಅಂಜಿಕೆಯೂ ಇಲ್ಲದೆ ನೋಡುವ ಪಾಠ ಗದಗಿನಲ್ಲಿ ಯಾವ ಕಾಲೇಜಿನಲ್ಲೂ ಇರಲಿಲ್ಲ.

"ಏನ್ರೀ ಹಂಗ್ ನೋಡ್ತೀರಾ?" ಅವನು ಒಮ್ಮೆ ಕೇಳಿದ.

"ಉಪ್ಪು ನೋಡಾಕತ್ತೀನಿ."

"ಉಪ್ಪು ಸಾಸಲ್ಲಿ ಇರೋದು ಕಣ್ರೀ."

"ನನಗ ನಿಮ್ಮ ಮುಖದಾಗ ಕಾಣಿಸ್ತೈತಿ. ನಾ ಏನ್ ಮಾಡ್ಲಿ?"

ಕ್ಲಾಸ್ ಮುಗಿದ ಮೇಲೆ ಇಬ್ಬರೂ ಒಂದೇ ಟ್ರೇನ್. ಅವಳು ಗ್ಲೆನ್ ವೇವರ್ಲಿಯಲ್ಲಿ, ಲೈನಿನ ಕಟ್ಟಕಡೆಯ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಳು. ತನ್ನದು ಅದರ ಹಿಂದಿನ ಸಿಂಡಾಲ್ ಎಂದು ಅವನು ಹೇಳಿದ್ದ. ಒಂದೂವರೆ ವರ್ಷ ಆ ಟ್ರೇನಿನಲ್ಲಿ ಅವರು ಆಡದ ಮಾತಿಲ್ಲ, ಆಡಬೇಕಾಗಿದ್ದ ಒಂದನ್ನು ಬಿಟ್ಟು.

ಎಲ್ಲ ಕೆಟ್ಟದ್ದು ಮುಂದಿನ ವರ್ಷದ ಆಗಸ್ಟ್‌ನಲ್ಲಿ. ಕುರಿಯ ಕಾಲನ್ನು ರೆಡ್ ವೈನಿನಲ್ಲಿ ನಿಧಾನವಾಗಿ ಬೇಯಿಸಿ ಹನ್ನೆರಡು ಜನಕ್ಕೆ ಬಡಿಸುವ ಪರೀಕ್ಷೆ. ಇದಾದರೆ ಕೋರ್ಸ್ ಮುಗಿದಂತೆ. ಸಂಯುಕ್ತಾ ಚಮಚ ಕೊಟ್ಟಳು. ಇಂದ್ರೇಶ್ ಬಾಯಿಗಿಟ್ಟ, ಕಣ್ಣು ಮುಚ್ಚಿದ, ತೆರೆದ. "ಪರ್ಫೆಕ್ಟ್."

ಚೆಫ್ ನಿಕ್ ಒಂದು ಚಮಚ ಬಾಯಿಗಿಟ್ಟವನು ಸಿಂಕಿಗೆ ಓಡಿದ. ಉಪ್ಪೆಂದರೆ ಉಪ್ಪು, ಉಪ್ಪಿನಕಾಯಿ ಜಾಡಿಯ ತಳದಂತೆ. ಹಾಳೆಯ ಮೇಲೆ ಬರೆದ: ನಾಟ್ ಯೆಟ್ ಕಾಂಪಿಟೆಂಟ್. ಅಂದರೆ ಫೇಲ್. ಏಳು ವಾರದ ನಂತರ ಇನ್ನೊಂದೇ ಅವಕಾಶ.

ಹೊರಗೆ ಚಳಿಯಲ್ಲಿ ಅವಳು ಅವನನ್ನು ನಿಲ್ಲಿಸಿ ಕೇಳಿದಳು. "ಏನಾಗಿತ್ರೀ ನಿಮಗ?"

"ನಾಕು ದಿನದಿಂದ ನೆಗಡಿ. ನಾಲ್ಗೆಗೆ ಏನೂ ಗೊತ್ತಾಯ್ತಾ ಇರ್ಲಿಲ್ಲ."

"ಮತ್ತ ಪರ್ಫೆಕ್ಟ್ ಅಂದ್ರಿ!"

ಅಷ್ಟರಲ್ಲಿ ಜೊತೆಗೆ ಬಂದಿದ್ದ ಕ್ಲಾಸಿನ ಕೌಶಿಕ್, ಪಾಪ, ಸಮಾಧಾನ ಮಾಡಲು ಹೋಗಿ ಬೆಂಕಿಗೆ ತುಪ್ಪ ಸುರಿದ. "ಬಿಡಿ ಸಂಯುಕ್ತಾ, ಪಾಪ ಇವ್ನು ದಿನಾ ನಿಮ್ಜೊತೆ ಅಷ್ಟು ದೂರ ಬಂದು ವಾಪಸ್ ಫುಟ್ಸ್‌ಕ್ರೇಗೆ ಹೋಗೋಷ್ಟ್ರಲ್ಲಿ ಸುಸ್ತಾಗಿರ್ತಾನೆ."

ಫುಟ್ಸ್‌ಕ್ರೇ! ಸಿಟಿಯ ಆ ಕಡೆಯ ಸಬರ್ಬ್. ಸಿಂಡಾಲಿಗೆ ಪೂರ್ತಿ ಎದುರು ದಿಕ್ಕು.

"ಅದೂ ಸುಳ್ಳೇನು?" ಸಂಯುಕ್ತಾ ಇಂದ್ರೇಶನತ್ತ ತಿರುಗಿದಳು. "ಮನಿ ಸುಳ್ಳು, ರುಚಿ ಸುಳ್ಳು. ಇಷ್ಟು ದಿನ ಕಣ್ಣು ಮುಚ್ಚಿ ಚಂದಾಗೈತಿ ಅಂದದ್ದರಾಗ ಎಷ್ಟು ಖರೇ ಇತ್ತೋ ಯಾರಿಗಿ ಗೊತ್ತು. ನಾ ಊರಲ್ಲದ ಊರಾಗ ಒಬ್ಬರನ್ನ ನಂಬಿದ್ನಿ. ಆತು ಬಿಡ್ರಿ."

ಅವನು ಹಿಂದೆ ಬಂದ. ಅವಳು ತಿರುಗಿ ನೋಡಲಿಲ್ಲ.

ಒಂಬೈನೂರು ಗಂಟೆಯಲ್ಲಿ ಇನ್ನೂ ಇನ್ನೂರು ಬಾಕಿಯಿತ್ತು. ಮೆಲ್ಬರ್ನ್ ಬೇಡವೆನಿಸಿತು; ಸಿಡ್ನಿಯ ಪ್ಯಾರಮಟ್ಟಾದ ಒಂದು ಕೆಫೆಯಲ್ಲಿ ಕೆಲಸ ಸಿಕ್ಕಿತು. ಹತ್ತಿರದ ಟೂಂಗಾಬಿಯಲ್ಲಿ ತಂದೆಯ ಗೆಳೆಯರ ಅಕ್ಕ ವತ್ಸಲಾ ಆಂಟಿಯ ಮನೆಯಲ್ಲಿ ಒಂದು ರೂಮು ಸಿಕ್ಕಿತು. ಆಂಟಿ ಮೈಸೂರಿನವರು, ರಿಟೈರಾದ ಡಾಕ್ಟರ್. ಗಂಡ ಶ್ರೀಪತಿ ಅಂಕಲ್ ಮಿತಭಾಷಿ.

ಕೆಫೆಯ ಅಡುಗೆಯವಳು ಲೆಬನಾನಿನ ಹೆಂಗಸು. ಸಂಯುಕ್ತಾ ಬಾಯಿಗಿಡುವುದಿಲ್ಲ ಎಂದಾಗ ಅವಳು ಅಚ್ಚರಿಪಡಲಿಲ್ಲ. ಒಂದು ಚಿಕ್ಕ ತಕ್ಕಡಿ ತಂದು ಮುಂದಿಟ್ಟಳು. ಸಾಸು ಎಷ್ಟು ಲೀಟರ್ ಅಳೆ, ಉಪ್ಪು ಎಷ್ಟು ಗ್ರಾಂ ತೂಗು, ಕುದ್ದು ಎಷ್ಟು ಇಂಗಿತು ಬರೆದುಕೋ. ಮೂಗಿಗೆ ಕೆಲಸ ಕೊಡು. ಐದು ವಾರದಲ್ಲಿ ಸಂಯುಕ್ತಾಳ ಕೈ ಕುದುರಿತು. ಒಂದು ಪ್ಲೇಟೂ ವಾಪಸ್ ಬರಲಿಲ್ಲ.

ಆದರೂ ಪ್ರತಿ ಸಲ ಒಲೆ ಆರಿಸಿದ ಕೂಡಲೇ ಅವಳ ಕಣ್ಣು ಎಡಕ್ಕೆ ಹೊರಳುತ್ತಿತ್ತು. ಅಲ್ಲಿ ಫ್ರಿಜ್ಜು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಉಪ್ಪು ನೋಡುವವರು ಇನ್ನು ಬೇಕಿಲ್ಲ, ನೋಡುತ್ತಿದ್ದವನು ಮಾತ್ರ ಬೇಕು ಎಂದು ಅವಳಿಗೆ ಅರ್ಥವಾದದ್ದು ಅಲ್ಲಿ, ಆ ಫ್ರಿಜ್ಜಿನ ಮುಂದೆ. ಅರ್ಥವಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಒಂದು ಭಾನುವಾರ ಕಾಳು ಬಿಡಿಸುತ್ತ ಅವಳು ಎಲ್ಲವನ್ನೂ ಆಂಟಿಗೆ ಹೇಳಿಬಿಟ್ಟಳು.

"ಸುಳ್ಳು ಹೇಳಿದ್ದು ತಪ್ಪೇ ಕಣಮ್ಮ," ಆಂಟಿ ಅಂದರು. "ನಮ್ಮನೆಯವರನ್ನೇ ನೋಡು. ಮದುವೆಯಾಗಿ ಮೂವತ್ತೈದು ವರ್ಷ ಆಯ್ತು, ಏನು ಮಾಡಿ ಹಾಕಿದ್ರೂ ಚೆನ್ನಾಗಿದೆ ಅಂತಾರೆ. ನನ್ನ ಸಾರು ನಿಜವಾಗ್ಲೂ ಹೇಗಿರುತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಹಾಲಿನಿಂದ ಅಂಕಲ್ ದನಿ ಬಂತು. "ಚೆನ್ನಾಗೇ ಇರುತ್ತೆ ಕಣೇ."

"ಕೇಳಿದ್ಯಾ?" ಆಂಟಿ ನಕ್ಕರು. ಆಮೇಲೆ ದನಿ ಇಳಿಸಿದರು. "ಯಾಕೆ ಹಾಗೆ ಹೇಳಿದ ಅಂತ ಆ ಹುಡುಗನ್ನ ಒಂದ್ಸಲ ಕೇಳು. ನೀನು ಅವನನ್ನ ಬಿಡೋದಾದ್ರೂ ಕೇಳಿಬಿಟ್ಟೇ ಬಿಡು."

ಅಕ್ಟೋಬರಿನಲ್ಲಿ ಮೆಲ್ಬರ್ನಿಗೆ ಹೋಗಿ ಮರುಪರೀಕ್ಷೆ ಕೊಟ್ಟಳು. ಅದೇ ಕುರಿಯ ಕಾಲು. ತೂಗಿದಳು, ಮೂಸಿದಳು, ಬರೆದುಕೊಂಡಳು. ಚೆಫ್ ನಿಕ್ ಎರಡು ಚಮಚ ತಿಂದ, ಮೂರನೆಯದಕ್ಕೂ ಕೈ ಹಾಕಿದ. ಪಾಸ್! ಪಕ್ಕದ ಬೆಂಚಿನಲ್ಲಿ ಯಾರೂ ಇರಲಿಲ್ಲ. ಇಂದ್ರೇಶ್ ನೆಗಡಿಗೂ ಒಂದು ವಾರ ಮೊದಲು, ತನ್ನ ಸರದಿಯಲ್ಲಿ, ಮೊದಲ ಸಲವೇ ಪಾಸಾಗಿದ್ದ.

ಕೌಶಿಕ್‌ಗೆ ಫೋನ್ ಮಾಡಿ ವಿಳಾಸ ತೆಗೆದುಕೊಂಡು ನೇರ ಫುಟ್ಸ್‌ಕ್ರೇ ಟ್ರೇನ್ ಹತ್ತಿದಳು. ಬಾಗಿಲು ತೆರೆದವನು ಇಂದ್ರೇಶನೇ. ಸೊರಗಿದ್ದ. ಅವಳನ್ನು ನೋಡಿ ಬಾಗಿಲು ಹಿಡಿದೇ ನಿಂತ.

"ಪಾಸಾದ್ನಿ," ಅಂದಳು. "ನಿಮ್ಮ ನಾಲಿಗಿ ಇಲ್ಲದನ."

"ಗೊತ್ತಿತ್ತು ಆಯ್ತೀರಾ ಅಂತ."

"ಒಂದ ಮಾತ ಕೇಳಾಕ ಬಂದೀನಿ. ಯಾಕ ಸುಳ್ಳ ಹೇಳಿದ್ರಿ?"

ಅವನು ಮೆಟ್ಟಿಲ ಮೇಲೆ ಕುಳಿತ. ಅವಳು ನಿಂತೇ ಇದ್ದಳು.

"ನಂಗೆ ರುಚಿ ಗೊತ್ತಾಯ್ತಿಲ್ಲ ಅಂದಿದ್ರೆ ಅವತ್ತು ನೀವು ಬೇರೆಯವ್ರ ಕೈಗೆ ಚಮಚ ಕೊಡ್ತಿದ್ರಿ. ಬೇರೆಯವ್ರ ಮುಖ ನೋಡ್ತಿದ್ರಿ. ಅದನ್ನ ನನ್ ಕೈಲಿ ನೋಡೋಕಾಯ್ತಿರ್ಲಿಲ್ಲ. ಅಷ್ಟೇ ಕಣ್ರೀ. ನಿಮ್ ಪರೀಕ್ಷೆ ಹಾಳ್ಮಾಡಿದೆ. ತಪ್ಪು ನಂದೇ."

ಅವಳು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟಳು. "ಮತ್ತೇನೇನ ಸುಳ್ಳ ಅದಾವ? ಇವತ್ತ ಎಲ್ಲಾ ಹೇಳಿಬಿಡ್ರಿ."

"ಮೀನು ಕಂಡ್ರೆ ನಂಗಾಗಲ್ಲ."

"ಏನು?"

"ಚಿಕ್ಕಂದಿನಿಂದ್ಲೂ ಅಷ್ಟೆ. ವಾಸ್ನೆ ಬಂದ್ರೆ ವಾಂತಿ. ನಿಮ್ದು ಹನ್ನೊಂದು ಮೀನಿನ ಅಡುಗೆ ನೋಡಿದೀನಿ. ಎಲ್ಲಾ ಸಲಾನೂ ಆಮೇಲೆ ಹೋಗಿ ಬಾಯಿ ತೊಳ್ಕೊಂಡ್ ಬಂದಿದೀನಿ."

ನಗಬಾರದೆಂದು ಎಷ್ಟು ಹಟ ಹಿಡಿದರೂ ಅವಳಿಗೆ ನಗು ಬಂದೇಬಿಟ್ಟಿತು, ನಗುತ್ತಲೇ ಅಳುವೂ ಬಂತು. ಅವನ ಪಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ನನಗ ನೀವು ಬೇಕ್ರಿ," ಅಂದಳು. "ಉಪ್ಪು ನೋಡಾಕಲ್ಲ. ಹಂಗ ಬೇಕು. ಆದ್ರ ಸುಳ್ಳ ಹೇಳಾವ್ರ ಬ್ಯಾಡ. ಚಂದ ಆಗಿಲ್ಲ ಅಂದ್ರ ಆಗಿಲ್ಲ ಅನ್ನಬೇಕು."

ಅವನು ಮೊದಲ ಸಲ ಅವಳ ಕೈ ಹಿಡಿದ. ಕತ್ತರಿಸಿದ ಗಾಯ, ಸುಟ್ಟ ಕಲೆ ತುಂಬಿದ ಎರಡು ಅಡುಗೆಯವರ ಕೈಗಳು.

"ಒಂದ್ ಕೇಳ್ಲಾ? ಸಿಟ್ಟು ಮಾಡ್ಕೋಬ್ಯಾಡಿ," ಅವನು ಮೆಲ್ಲಗೆ ಅಂದ. "ನೀವ್ ಏನ್ ಓದ್ತಾ ಇದೀರ ಅಂತ ಮನೇಲಿ ಹೇಳಿದೀರಿ?"

ಸಂಯುಕ್ತಾ ಕೆಳಗೆ ನೋಡಿದಳು. ಹೋಟೆಲ್ ಮ್ಯಾನೇಜ್ಮೆಂಟ್ ಎಂದಿದ್ದಳು, ಲೆಕ್ಕಪತ್ರ ನೋಡುವ ಕೆಲಸ ಎಂದಿದ್ದಳು. ಪ್ರತಿ ವಾರ ಫೋನಿನಲ್ಲಿ ಎರಡು ವರ್ಷ ಅದನ್ನೇ ಹೇಳಿದ್ದಳು. ಖರೇ ಬೇಕು ಎಂದು ಸಿಡ್ನಿಯಿಂದ ಇಲ್ಲಿಯವರೆಗೆ ಜಗಳ ಹೊತ್ತು ಬಂದವಳು!

ಬ್ಯಾಗಿನಿಂದ ಮೊಬೈಲು, ಇಂಡಿಯಾಕ್ಕೆ ಮಾತಾಡುವ ಫೋನ್ ಕಾರ್ಡ್ ತೆಗೆದಳು. ಮಧ್ಯಾಹ್ನ ನಾಲ್ಕು ಗಂಟೆ, ಗದಗಿನಲ್ಲಿ ಹತ್ತೂವರೆ. ಅವ್ವ ಗಿರಿಜವ್ವ ಎತ್ತಿದರು.

"ಅವ್ವಾ, ನಾ ಇಲ್ಲೆ ಕಲತದ್ದು ಅಡಿಗಿ. ಕೋಳಿ, ಕುರಿ, ಮೀನು, ಎಲ್ಲಾ ಮಾಡೇನಿ. ನಿಮಗ ಹೇಳಾಕ ಅಂಜಿದ್ನಿ."

ಅವ್ವ ಕೇಳಿದ್ದು ಒಂದೇ: "ತಿಂದಿ ಏನು?"

"ಇಲ್ಲವ್ವಾ. ಒಂದ ತುತ್ತೂ ಇಲ್ಲ. ನನ್ನ ಬದಲಿ ಒಬ್ಬಾತ ರುಚಿ ನೋಡ್ತಿದ್ದ."

"ಯಾರವ?"

"ಇಂದ್ರೇಶ ಅಂತ. ಮದ್ದೂರಾವ. ನಮ್ಮವರಲ್ಲ. ನಾ ಅವನ್ನ ಮದಿವಿ ಆಗಬೇಕಂತ ಮಾಡೇನಿ."

ಕಾರ್ಡಿನ ನಿಮಿಷಗಳು ಉರುಳಿದವು. ಅವಳ ಬೆರಳು ಇಂದ್ರೇಶನ ಕೈಯನ್ನು ಹಿಂಡುತ್ತಿತ್ತು. ಅವ್ವ ಅಳುತ್ತಿದ್ದಾರೋ ಯೋಚಿಸುತ್ತಿದ್ದಾರೋ ತಿಳಿಯಲಿಲ್ಲ.

"ಬಾಜೂಕ ಅದಾನೇನು?" ಕೊನೆಗೆ ಅವ್ವ ಕೇಳಿದರು. "ಫೋನ್ ಕೊಡು ಅವಂಗ."

ಅವನು ಎದ್ದುನಿಂತು ಫೋನ್ ಹಿಡಿದ, ಎದುರಿಗೇ ಇದ್ದಾರೆಂಬಂತೆ. "ನಮಸ್ಕಾರಮ್ಮ."

ಗಿರಿಜವ್ವನ ದನಿ ಹೊರಗೂ ಕೇಳುವಷ್ಟು ಗಟ್ಟಿ. "ಎರಡ ವರ್ಷ ನನ್ನ ಮಗಳ ಕೈಯ ಅಡಿಗಿ ತಿಂದಿಯಂತ. ಹೆಂಗ ಮಾಡ್ತಾಳಪಾ?"

ಇಂದ್ರೇಶ್ ಸಂಯುಕ್ತಾಳನ್ನು ನೋಡಿದ. ಅವಳು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು. ಹೊಗಳಿಬಿಡು, ಇವತ್ತೊಂದು ದಿನ ಹೊಗಳಿಬಿಡು ಎಂದು ಅವಳ ಕಣ್ಣು ಬೇಡುತ್ತಿತ್ತು.

ಅವನು ಗಂಟಲು ಸರಿಮಾಡಿಕೊಂಡ. "ಸಾಸೆಲ್ಲ ಫಸ್ಟ್ ಕ್ಲಾಸ್ ಮಾಡ್ತಾರಮ್ಮ. ರೊಟ್ಟಿ ಮಾತ್ರ... ಒಂದ್ಸಲ ಡಬ್ಬೀಲಿ ತಂದ್ಕೊಟ್ಟಿದ್ರು. ತಿನ್ನೋಕಾಗ್ಲಿಲ್ಲ."

ಸಂಯುಕ್ತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆ ಕಡೆ ಗಿರಿಜವ್ವ ನಕ್ಕರು, ಹೊಟ್ಟೆಯಿಂದ ಬಂದ ದೊಡ್ಡ ನಗು. "ಖರೇ ಹೇಳ್ದಿ ನೋಡಪಾ! ಸಣ್ಣಾಕಿದ್ದಾಗಿಂದ ಬಡಕೊಂಡೇನಿ, ಆಕಿಗಿ ರೊಟ್ಟಿ ಬಡಿಯಾಕ ಬರಂಗಿಲ್ಲ. ಅವರಪ್ಪ ಬಾಯಿಬಿಟ್ಟು ಒಂದ ದಿನಾ ಅನ್ನಲಿಲ್ಲ." ದನಿ ತಗ್ಗಿತು, ಮೆತ್ತಗಾಯಿತು. "ಅವರಪ್ಪಗ ನಾ ತಿಳಿಸಿ ಹೇಳ್ತೀನಿ. ಸ್ವಲ್ಪ ದಿನ ಹಿಡಿತೈತಿ, ಸಿಟ್ಟಿನ ಮನಶ್ಯಾ. ಯುಗಾದಿಗಿ ಬರ್ರಿ. ಇಬ್ರೂ ಬರ್ರಿ."