ಮೂರೂವರೆ ಕಾಲಿನ ಸ್ಟೂಲ್

ಕಾಲ ಕೆಳಗಿನ ಸ್ಟೂಲ್ ಮಾಯ!

ಅಟ್ಟದ ಅಂಚು ಕೈಗೆ ಸಿಕ್ಕಿತು. ಗಟ್ಟಿಯಾಗಿ ಹಿಡಿದೆ. ಅಡುಗೆಮನೆಯಲ್ಲಿ ಒಣಹಾಕಿದ ಪ್ಯಾಂಟಿನಂತೆ ನೇತಾಡತೊಡಗಿದೆ.

ಕಾಲ ಪಕ್ಕದಲ್ಲೇ ಗ್ಯಾಸ್ ಒಲೆ. ಒಲೆಯ ಮೇಲೆ ಕೊತಕೊತ ಕುದಿಯುವ ಚಹಾ. ಪಾತ್ರೆಗೂ ನನ್ನ ಸಾಕ್ಸಿಗೂ ಒಂದೇ ಗೇಣು...

ನಾನು ಇನ್ಶೂರೆನ್ಸ್ ಕಂಪನಿಯ ಪತ್ತೇದಾರ. ಸ್ವಂತ ಗೋಡೌನಿಗೆ ಬೆಂಕಿಯಿಟ್ಟು ದುಡ್ಡು ಕೇಳಿದವರ ಚಾಕು ನೋಡಿದ್ದೇನೆ. ಅವರ ನಾಯಿಗಳ ಹಲ್ಲೂ ನೋಡಿದ್ದೇನೆ. ಆದರೆ ನನ್ನ ಮಾತು ನಂಬಿ... ರಜೆಯ ಸೀಸನ್‌ನಲ್ಲಿ ಅಡುಗೆಮನೆಯಷ್ಟು ಡೇಂಜರಸ್ ಜಾಗ ಊರಲ್ಲಿ ಇನ್ನೊಂದಿಲ್ಲ!

ನೆಂಟರು ಬರುತ್ತಾರೆ. ಅಟ್ಟದ ದೊಡ್ಡ ಪಾತ್ರೆ ಇಳಿಯಬೇಕು. ಅದರ ಜೊತೆ ಯಾರೋ ಒಬ್ಬರು ಇಳಿಯುತ್ತಾರೆ, ಪಾತ್ರೆಗಿಂತ ಬೇಗ. ಆಮೇಲೆ ನಾನು ಹೋಗುತ್ತೇನೆ.

ಈ ಮನೆಯ ಕೇಸೂ ಅದೇ. ದೊಡ್ಡ ಪಾತ್ರೆ ಇಳಿಸಲು ಸ್ಟೂಲ್ ಹತ್ತಿದ ಯಜಮಾನರು ಬಿದ್ದು ಎಡಗಾಲು ಮುರಿದುಕೊಂಡರಂತೆ. ನಿಜವೋ ಸುಳ್ಳೋ ನೋಡಲು ಅದೇ ಸ್ಟೂಲ್ ನಾನೂ ಹತ್ತಿದೆ. ಸ್ಟೂಲಿಗೆ ಮೂರೂವರೆ ಕಾಲು. ಉಳಿದರ್ಧಕ್ಕೆ ರಟ್ಟು ಮಡಚಿ ಇಟ್ಟಿದ್ದರು!

ಯಜಮಾನರು ಮಂಡಿಯವರೆಗೆ ಪ್ಲಾಸ್ಟರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಒಲೆ ಆರಿಸ್ರೀ!" ಕಿರುಚಿದೆ.

"ಯಾ... ಯಾವ ನಾಬ್ ಸಾರ್?"

ನೇತಾಡುತ್ತಲೇ ನನ್ನ ಕಿವಿ ನೆಟ್ಟಗಾಯಿತು.

"ನಿಮ್ಮನೆ ಒಲೆ, ನನ್ನ ಕೇಳ್ತೀರಲ್ಲ! ಚಹಾ ನಾನೇ ಇಟ್ಟೆ ಅಂದ್ರಲ್ಲ?"

"ನಾನೇ ಸಾರ್! ಮನೇಲಿ ಬೇರೆ ಯಾರಿದಾರೆ? ಹೆಂಡ್ತಿ ತವರಿಗೆ ಹೋಗಿದಾಳೆ!"

"ಸಕ್ಕರೆ ಎಲ್ಲಿದೆ?"

"ಆಂ?"

"ಸಕ್ಕರೆ ರೀ, ಸಕ್ಕರೆ! ಯಾವ ಡಬ್ಬ?"

ಯಜಮಾನರು ಡಬ್ಬಗಳ ಸಾಲು ನೋಡಿದರು. ಅಪರಿಚಿತ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರ ಮುಖ. ಗಾಬರಿಯಲ್ಲಿ ಕೈಗೆ ಸಿಕ್ಕ ನಾಬ್ ತಿರುಗಿಸಿದರು. ಉರಿ ಭಗ್ಗೆಂದು ಎದ್ದಿತು! ಪಕ್ಕದಲ್ಲಿದ್ದ ಮಸಿಬಟ್ಟೆಗೆ ಹತ್ತಿಕೊಂಡಿತು!

"ಬೆಂಕಿ!" ಎಂದರು ಯಜಮಾನರು.

ಮತ್ತು ಓಡಿದರು.

ಹೌದು... ಓಡಿದರು! ಮುರಿದ ಕಾಲು ಮುಂದೆ, ಒಳ್ಳೆಯ ಕಾಲು ಹಿಂದೆ!

ಆಗ ಒಳಕೋಣೆಯ ಬಾಗಿಲು ತೆರೆಯಿತು. ಒಬ್ಬ ಹೆಂಗಸು ಬಂದರು. ಬಲಗೈಗೆ ಪಟ್ಟಿ, ಕೊರಳಿಗೆ ಜೋಲಿ. ಎಡಗೈಯಲ್ಲಿ ನಾಬ್ ಟಕ್ಕೆಂದು ಆಫ್. ಇಕ್ಕಳದಲ್ಲಿ ಉರಿಯುವ ಬಟ್ಟೆ ಎತ್ತಿ ಸಿಂಕಿಗೆ. ಚುಸ್ಸ್! ಕಾಲಿನಿಂದ ಸ್ಟೂಲ್ ನನ್ನ ಕೆಳಗೆ ತಳ್ಳಿದರು.

"ನಿಧಾನ ಇಳೀರಿ. ಎಡಕ್ಕೆ ಭಾರ ಹಾಕ್ಬೇಡಿ. ನಾನು ಅಲ್ಲೇ ಎಡವಟ್ಟು ಮಾಡ್ಕೊಂಡಿದ್ದು."

"ನೀವು ತವರಿಗೆ ಹೋಗಿದೀರಂತೆ?"

"ಅಷ್ಟು ಪುಣ್ಯ ಎಲ್ಲಿದೆ ಅಣ್ಣಾ? ಮೊದಲು ಅವರನ್ನ ಹಿಡ್ಕೊಂಡು ಬನ್ನಿ. ಚಪ್ಪಲಿ ಕೂಡ ಹಾಕ್ಕೊಂಡಿಲ್ಲ."

ಓಡಿದೆ. ಯಜಮಾನರು ಗೇಟು ದಾಟಿ ರಸ್ತೆಗಿಳಿದಿದ್ದರು. ಪ್ಲಾಸ್ಟರಿನ ಕಾಲು ಡಾಂಬರಿನ ಮೇಲೆ ಟಕ್... ಟಕ್... ಟಕ್! ಎದುರುಮನೆಯಾತ ಚಕ್ರದ ಕುರ್ಚಿಯ ಮೇಲೆ ನಿಂತು ಬಾಗಿಲಿಗೆ ದೀಪದ ಸರ ಕಟ್ಟುತ್ತಿದ್ದ.

"ಯಜಮಾನ್ರೇ, ಕಾಲು ವಾಸಿಯಾಯ್ತಾ?"

"ನೀವು ಇಳೀರಿ ಕೆಳಗೆ!" ಓಡುತ್ತಲೇ ಗದರಿದೆ. "ನಾಳೆ ನಿಮ್ಮನೆಗೂ ನನ್ನ ಕರೆಸ್ಬೇಡಿ!"

ರಸ್ತೆ ಗೋಡೆಗೆ ಮುಗಿಯಿತು. ಯಜಮಾನರು ತಿರುಗಿ ನಿಂತರು. ಕೈಯಲ್ಲಿ ಇಟ್ಟಿಗೆ!

"ಹತ್ರ ಬಂದ್ರೆ ಹೊಡೀತೀನಿ!"

"ಹೊಡೀರಿ. ನನಗೆ ಇನ್ಶೂರೆನ್ಸ್ ಇದೆ."

ಅವರು ಕೈ ಎತ್ತಿದರು. ಇಟ್ಟಿಗೆ ಜಾರಿ ಮುರಿದ ಕಾಲಿನ ಮೇಲೇ ಬಿತ್ತು. ಪ್ಲಾಸ್ಟರ್ ಬಿರುಕುಬಿಟ್ಟಿತು. ಅವರು ಮುಖ ಕೂಡ ಕಿವುಚಲಿಲ್ಲ.

"ನೋವಾಯ್ತಾ ಸಾರ್?" ಕೇಳಿದೆ, ಮೃದುವಾಗಿ.

"ಆಯ್ತು ಅನ್ಲಾ... ಬೇಡ್ವಾ?"

ಅಲ್ಲೇ ಕುಸಿದು ಕೂತರು. ಕಣ್ಣಲ್ಲಿ ನೀರು. ಅದು ಮಾತ್ರ ಅಸಲಿ.

"ಬಿದ್ದಿದ್ದು ಅವಳು ಸಾರ್. ಮೊಣಕೈ ಚೂರುಚೂರು. ಈ ವಾರ ಆಪರೇಷನ್ ಆಗ್ಲಿಲ್ಲ ಅಂದ್ರೆ ಕೈ ಮಡಚೋದೇ ಇಲ್ಲ ಅಂದ್ರು ಡಾಕ್ಟ್ರು. ಪಾಲಿಸಿ ಇರೋದು ನನ್ನ ಹೆಸರಲ್ಲಿ. ಅದಕ್ಕೇ ಕಾಂಪೌಂಡರ್ ಫ್ರೆಂಡ್ ಹತ್ರ ಈ ಪ್ಲಾಸ್ಟರ್..."

"ಅವರ ಹೆಸರು ಯಾಕೆ ಸೇರಿಸಿಲ್ಲ?"

"ಮಿಸೆಸ್ ಏನ್ ಮಾಡ್ತಾರೆ ಅಂತ ಕೇಳಿದ ಏಜೆಂಟು. ಏನೂ ಮಾಡಲ್ಲ, ಮನೇಲೇ ಇರ್ತಾಳೆ ಅಂದೆ. ಹಾಗಾದ್ರೆ ಬೇಡ ಬಿಡಿ ಅಂದ."

ನೋಡಿ... ಸೋಫಾದ ಮೇಲಿರುವವನಿಗೆ ಬಿದ್ದರೆ ಎಂಬ ಭಯಕ್ಕೆ ಪಾಲಿಸಿ. ಸ್ಟೂಲಿನ ಮೇಲಿರುವವಳು ಏನೂ ಮಾಡುವುದಿಲ್ಲ! ರಜೆ ಬಂದರೆ ಇಡೀ ಊರಿಗೆ ಬಿಡುವು. ಆ ಬಿಡುವನ್ನು ಬೇಯಿಸಿ, ಬಡಿಸಿ, ತೊಳೆದಿಡುವವಳಿಗೆ ಮಾತ್ರ ಓವರ್‌ಟೈಮ್. ಅದರ ವಿರುದ್ಧ ಇಂದಿನವರೆಗೆ ಯಾರೂ ಮುಷ್ಕರ ಹೂಡಿಲ್ಲ. ಹೂಡಿದರೆ ಈ ಲೋಕ ಒಂದು ಲೋಟ ಚಹಾ ಇಲ್ಲದೆ ಶರಣಾಗುತ್ತದೆ.

ಯಜಮಾನರ ಕಾಲರ್ ಹಿಡಿದು ವಾಪಸ್ ತಂದೆ. ಅವರ ಹೆಂಡತಿ ಒಂದೇ ಕೈಯಲ್ಲಿ ಚಹಾ ಸೋಸುತ್ತಿದ್ದರು.

"ಮೊದಲು ಆ ಕಾಲಿನ ಕ್ಲೇಮ್ ವಾಪಸ್ ತಗೊಳ್ಳಿ," ಎಂದೆ.

"ತಗೊಂಡೆ ಸಾರ್. ಜೈಲಿಗೆ ಹಾಕ್ತೀರಾ?"

"ಬೇಡ ಅಣ್ಣಾ," ಎಂದರು ಅವರ ಹೆಂಡತಿ. "ಅಲ್ಲೂ ಇವರಿಗೆ ಯಾರಾದ್ರೂ ಸಕ್ಕರೆ ಹುಡುಕಿ ಕೊಡ್ಬೇಕು."

ಯಜಮಾನರ ಪಾಲಿಸಿ ತಿರುವಿದೆ. ಕೊನೆಯಲ್ಲೊಂದು ಹೆಚ್ಚುವರಿ ಕರಾರು: ಮನೆಕೆಲಸದವರ ರಕ್ಷಣೆ... ಏಜೆಂಟ್ ಕಮಿಷನ್ನಿಗಾಗಿ ತಲೆಗೆ ಕಟ್ಟಿದ್ದು. 'ಸಂಬಳ ಪಡೆದಾಗಲಿ, ಪಡೆಯದೆಯಾಗಲಿ, ಮನೆಯಲ್ಲಿ ನಿತ್ಯ ಕೆಲಸ ಮಾಡುವ ವ್ಯಕ್ತಿ.' ಎರಡು ಸಲ ಓದಿದೆ. ಸಂಬಳ ಪಡೆಯದೆ! ಮ್ಯಾನೇಜರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, ಈ ಕರಾರಿನಲ್ಲಿ ಹೆಂಡತಿಯ ಕೈಗೆ ಕ್ಲೇಮ್ ಕೊಡೋಣ ಎಂದೆ. ಆತ ರಜೆಯಲ್ಲಿ ಮನೆಯಲ್ಲಿದ್ದ.

"ತಲೆ ಕೆಟ್ಟಿದ್ಯೇನಯ್ಯಾ? ಅವರು ಹೆಂಡ್ತಿ! ಕೆಲಸದವರಲ್ಲ! ರಿಜೆಕ್ಟ್ ಮಾಡು!"

"ಮಾಡ್ತೀನಿ ಸಾರ್. ಒಂದೇ ಪ್ರಶ್ನೆ. ನಿಮ್ಮ ಹಿಂದೆ ಅಷ್ಟು ಪಾತ್ರೆ ಸದ್ದು ಕೇಳ್ತಿದೆಯಲ್ಲ... ಅದು ಯಾರು?"

ಮ್ಯಾನೇಜರ್ ಕೆಮ್ಮಿದ.

ಪಾತ್ರೆ ಸದ್ದು ತಟ್ಟನೆ ನಿಂತಿತು. ಅದು ಇನ್ನೂ ಭಯಂಕರ.

"ಯಾರ್ರೀ ಅದು ಫೋನಲ್ಲಿ?" ದೂರದಿಂದ ಹೆಣ್ಣು ದನಿ. "ಕೆಲಸದವರಲ್ಲ ಅಂತ ಯಾರಿಗೆ ಅಂದ್ರಿ?"

"ಪಾಸ್ ಮಾಡಯ್ಯಾ!" ಮ್ಯಾನೇಜರ್ ಪಿಸುಗುಟ್ಟಿದ. "ಆಸ್ಪತ್ರೆಗೆ ಈಗ್ಲೇ ಹೇಳ್ತೀನಿ. ಆದ್ರೆ ಆ ಯಜಮಾನ ಬಾಯಿಬಿಟ್ಟು ಹೇಳ್ಲಿ, ಮನೇಲಿ ಕೆಲಸ ಯಾರು ಮಾಡ್ತಾರೆ ಅಂತ. ರೆಕಾರ್ಡ್ ಆಗ್ತಿದೆ."

ಯಜಮಾನರು ಫೋನಿನ ಹತ್ತಿರ ಬಾಗಿದರು.

"ಈ ಮನೇಲಿ... ಎಲ್ಲಾ ಕೆಲಸ ಇವಳೇ ಮಾಡ್ತಾಳೆ."

"ನೀವು?" ಕೇಳಿದೆ.

"ನಾನು... ಏನೂ ಮಾಡಲ್ಲ. ಮನೇಲೇ ಇರ್ತೀನಿ."

"ಇನ್ನೊಂದ್ಸಲ ಹೇಳ್ರೀ," ಎಂದರು ಅವರ ಹೆಂಡತಿ. "ಲೈನ್ ಕ್ಲಿಯರ್ ಇರ್ಲಿಲ್ಲ."

ಇನ್ನೊಂದು ಸಲ ಹೇಳಿದರು. ಲೈನ್ ಕ್ಲಿಯರ್ ಆಗೇ ಇತ್ತು.

ಚಹಾ ಕುಡಿದು ಎದ್ದೆ. ಸಕ್ಕರೆ ಸರಿಯಾಗಿತ್ತು. ಹೊರಡುವ ಮುನ್ನ ಸ್ಟೂಲಿನ ಅರೆಗಾಲಿಗೆ ಮರದ ತುಂಡು ಜೋಡಿಸಿ ಮೊಳೆ ಹೊಡೆದೆ. ದೊಡ್ಡ ಪಾತ್ರೆ ಇನ್ನೂ ಅಟ್ಟದಲ್ಲೇ ಇತ್ತು. ನೆಂಟರು ನಾಡಿದ್ದು.

ಯಜಮಾನರು ಹತ್ತಿದರು. ಹುಟ್ಟಿದಾಗಿನಿಂದ ಮೊದಲ ಸಲ ಇರಬೇಕು... ಬಿರುಕುಬಿಟ್ಟ ಪ್ಲಾಸ್ಟರ್, ಮುಚ್ಚಿದ ಕಣ್ಣು. ನಾನು ಸ್ಟೂಲ್ ಬಿಗಿಯಾಗಿ ಹಿಡಿದು ನಿಂತೆ.

"ಅಲ್ಲಾಡ್ತಿದೆ ಕಣೇ! ಬಿದ್ರೆ ಏನ್ ಗತಿ?"

ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಚಹಾ ಹೀರಿದರು.

"ಹೆದರ್ಬೇಡಿ... ನಿಮಗೆ ಇನ್ಶೂರೆನ್ಸ್ ಇದೆಯಲ್ಲಾ!"