ಬಣ್ಣದ ಬಂಡೆಗಳು ಯಾವ ಕೈಗೆ?

ಮೂರನೇ ಸಲವೂ ಅವನು ಜೇಬು ಕಿತ್ತುಹೋದ ಶರ್ಟ್ ಹಿಡಿದುಕೊಂಡೇ ಬಂದ.

"ಅಲ್ಲ ಕಣಪ್ಪ, ಜೇಬಲ್ಲಿ ಏನು ಕಲ್ಲು ತುಂಬಿಕೊಂಡು ಓಡಾಡ್ತೀಯಾ?" ಕಾಜಾ ಅಕ್ಕ ಕೇಳಿದಳು. ಆ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದವಳಿಗೆ ಆ ಹೆಸರೇ ಅಂಟಿಕೊಂಡಿತ್ತು.

"ಬೇಕರಿ ವ್ಯಾನು ಅಕ್ಕ. ಬಿಲ್ಲು, ಪೆನ್ನು, ಬೀಗದ ಕೈ, ಎಲ್ಲಾ ಜೇಬಲ್ಲೇ."

"ಹೋಗಲಿ, ಬನ್ನಾದರೂ ತಂದಿದ್ದೀಯಾ?"

ತಂದಿದ್ದ. ಎರಡು. ಒಂದನ್ನು ಕಾಜಾ ಅಕ್ಕನ ಕೈಗೆ ಕೊಟ್ಟ. ಇನ್ನೊಂದನ್ನು ಕೌಂಟರ್ ಮೇಲೆ, ಒಳಕೋಣೆಯ ಪರದೆ ಇದ್ದ ಕಡೆಗೆ ಮೆಲ್ಲಗೆ ಸರಿಸಿದ.

ಪರದೆಯ ಹಿಂದೆ ಮಿಷನ್ನಿನ ಮುಂದೆ ಕೂತಿದ್ದ ಹುಡುಗಿ ಇದನ್ನೆಲ್ಲ ನೋಡುತ್ತಿದ್ದಳು. ಮೈಯೂ ಸಣ್ಣ, ಮಾತೂ ಸಣ್ಣ, ಹಾಗಾಗಿ ಅಂಗಡಿಯಲ್ಲಿ ಅವಳು 'ಸೂಜಿ'. ಶರ್ಟು ಕೈಗೆ ಬಂದಾಗ ಜೇಬಿನ ಅಂಚು ನೋಡಿದಳು. ಭಾರಕ್ಕೆ ಹರಿದ ದಾರದ ತುದಿ ಕೂದಲು ಕೆದರಿದ ಹಾಗಿರುತ್ತದೆ. ಇಲ್ಲಿ ಒಂದೊಂದು ತುದಿಯೂ ಕ್ಷೌರ ಮಾಡಿಸಿಕೊಂಡಂತೆ ನುಣ್ಣಗಿತ್ತು. ಬ್ಲೇಡು! ಹಿಂದಿನ ಎರಡು ಶರ್ಟುಗಳದ್ದೂ ಹೀಗೇ ಇದ್ದದ್ದು ನೆನಪಾಯಿತು. ಅದರ ಅರ್ಥವನ್ನು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆಯಾಗಿ, ಬಗ್ಗಿ ದಾರ ಪೋಣಿಸತೊಡಗಿದಳು.

ಅವತ್ತು ಅವನು ಬೇಗ ಹೊರಡಲಿಲ್ಲ.

"ಅಕ್ಕ, ಬಣ್ಣದ ಬಂಡೆಗಳನ್ನ ನೋಡಿದ್ದೀರಾ? ಸರೋವರದ ದಂಡೆಯಲ್ಲಿವೆಯಲ್ಲ, ಅವು."

"ನನ್ನ ಮಂಡಿ ಬಸ್ಸು ಹತ್ತಿದ್ದರೆ ತಾನೇ ನೋಡೋದು! ಯಾಕೆ?"

"ಅಪ್ಪನ್ನ ಕರಕೊಂಡು ಹೋಗಬೇಕು. ನಿಮ್ಮನ್ನ ಬಿಟ್ಟರೆ ಈ ಊರಲ್ಲಿ ಅದನ್ನ ನೋಡದವರು ನಾವಿಬ್ಬರೇ ಇರಬೇಕು. ಶಾಲೇಲಿ ಓದಿದವರೆಲ್ಲ ಟೂರ್‌ಗೆ ಹೋಗಿ ಬಂದಿರ್ತಾರೆ, ಅಲ್ವಾ?" ಕೊನೆಯ ಮಾತು ಪರದೆಗೆ ಹೇಳಿದ್ದು. "ನೀವು ಹೋಗಿರ್ತೀರಲ್ಲ?"

ಏಳನೇ ಕ್ಲಾಸಿನ ಟೂರಿಗೆ ಅವಳೂ ಹೆಸರು ಕೊಟ್ಟಿದ್ದಳು. ಹದಿನೈದು ದಿನ ಮುಂಚೆ ಅಮ್ಮನ ಮಣಿಕಟ್ಟು ಮುರಿಯಿತು. ಒಪ್ಪಿಕೊಂಡ ಬಟ್ಟೆಗಳು ರಾಶಿ ಬಿದ್ದಿದ್ದವು. ಅಮ್ಮನ ಮಿಷನ್ನಿನ ಮುಂದೆ ನಾಲ್ಕು ದಿನಕ್ಕೆಂದು ಕೂತವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಟೂರಿನಿಂದ ಬಂದ ಗೆಳತಿಯರು ಬಣ್ಣದ ಕಲ್ಲು ತೋರಿಸಲು ಮನೆಗೆ ಬಂದಾಗ, ಮಂಚದ ಹಿಂದೆ ಅಡಗಿ, 'ಇಲ್ಲ ಅನ್ನು' ಎಂದು ಅಮ್ಮನಿಗೆ ಸನ್ನೆ ಮಾಡಿದ್ದಳು.

"ಹೂಂ," ಎಂದಳು. "ಶಾಲೆಯಿಂದ ಹೋಗಿದ್ದೆ."

ಬಾಯಿಂದ ಬಂದದ್ದು ಮೂರೇ ಮಾತು. ಕಿವಿ ಮಾತ್ರ ಇಸ್ತ್ರಿಪೆಟ್ಟಿಗೆಯಂತೆ ಕಾದುಹೋಯಿತು.

"ಅಬ್ಬಾ! ಹಾಗಾದ್ರೆ ನೀವೇ ನಂಗೆ ಗೈಡು," ಅಂದ ಅವನು. ಅವನ ಮುಖ ಎಷ್ಟು ಅರಳಿತೆಂದರೆ, ಮಾತನ್ನು ವಾಪಸು ತೆಗೆದುಕೊಳ್ಳಲು ಅವಳಿಗೆ ಮನಸ್ಸೇ ಬರಲಿಲ್ಲ.

*

ಅವಳ ಮಿಷನ್ನಿನ ಎದುರಿನ ಗೋಡೆಯಲ್ಲಿ ಅದೇ ಸರೋವರದ ಚಿತ್ರವಿತ್ತು. ಪಕ್ಕದ ಫೋಟೋ ಸ್ಟುಡಿಯೋದವರು ಅಂಗಡಿ ಖಾಲಿ ಮಾಡುವಾಗ ಪುಕ್ಕಟೆ ಕೊಟ್ಟು ಹೋದದ್ದು. ದಂಡೆಯ ರಸ್ತೆ, ಎಡಕ್ಕೆ ಕೆಂಪು, ಹಳದಿ, ನೇರಳೆ ಪಟ್ಟೆಗಳ ಬಂಡೆಸಾಲು, ಬಲಕ್ಕೆ ನೀರು, ನೀರಿನಂಚಿನಲ್ಲಿ ದೋಣಿ, ದೋಣಿಯವನು. ಕೆಳಗೆ 'ಊರಿನಿಂದ ಹೋಗುವಾಗ ಕಾಣುವ ನೋಟ' ಎಂದು ಅಚ್ಚಾಗಿತ್ತು. ಆರು ವರ್ಷದಿಂದ ದಿನವೂ ನೋಡಿ ಅವಳಿಗೆ ಬಂಡೆಯ ಒಂದೊಂದು ಬಿರುಕೂ ಬಾಯಿಪಾಠ.

ಹಾಗಾಗಿ ಅವನು ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ಅವನು ಬ್ರೆಡ್ಡಿನ ಬಿಲ್ಲುಗಳ ಹಿಂದೆ ಬರೆದುಕೊಳ್ಳುತ್ತಿದ್ದ.

"ನೆರಳಿದೆಯಾ?"

"ಒಂದು ಮರ ಇದೆ. ಸ್ವಲ್ಪ ವಾಲಿಕೊಂಡಿದೆ."

"ಮರ ವಾಲಿದ್ದೂ ನೆನಪಿದೆಯಾ? ನನ್ನ ಮುಖ ನೆನಪಿರುತ್ತಾ, ನಾಲ್ಕು ದಿನ ಬರದಿದ್ದರೆ?"

ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬರದೇ ಇದ್ದು ನೋಡಿ," ಎಂದಳು. ತಾನೇ ಹೇಳಿದ್ದಾ ಎಂದು ಗಾಬರಿಯಾಗಿ ಪರದೆ ಎಳೆದುಕೊಂಡಳು. ಹೊರಗೆ ಅವನು ನಕ್ಕದ್ದು ಕೇಳಿಸಿತು. ಕಾಜಾ ಅಕ್ಕ ಇನ್ನೂ ಜೋರಾಗಿ ನಕ್ಕಳು.

ಇನ್ನೊಂದು ದಿನ ಕೇಳಿದ: "ಹೋಗುವಾಗ ಬಂಡೆ ಯಾವ ಕೈಗೆ?"

"ಎಡಗೈಗೆ."

"ಸರಿಯಾಗಿ ನೆನಪು ಮಾಡಿಕೊಳ್ಳಿ. ಇದು ಮುಖ್ಯ."

"ಎಡಗೈಗೇ."

ಅವನು ಬಿಲ್ಲಿನ ಮೇಲೆ ಗೆರೆ ಎಳೆದ. "ರಸ್ತೆ ಉತ್ತರಕ್ಕೆ ಹೋಗುತ್ತೆ. ಎಡಕ್ಕೆ ಬಂಡೆ ಇದ್ದರೆ ಅದರ ಮುಖ ಪೂರ್ವಕ್ಕೆ. ಅಂದ್ರೆ ಬೆಳಗಿನ ಬಿಸಿಲು ನೇರ ಬಂಡೆ ಮೇಲೆ! ಸೋಮವಾರ ಬೇಕರಿಗೆ ರಜ. ಮಧ್ಯಾಹ್ನದ ತನಕ ವ್ಯಾನ್ ತಗೋ ಅಂದಿದ್ದಾರೆ ಓನರ್. ಲೆಕ್ಕ ಸರಿಹೋಯ್ತು. ಮುಂದೆ ಮೂರು ಜನ ಕೂರಬಹುದು. ನಾನು ಸ್ಟಿಯರಿಂಗು, ಎಡಗಡೆ ಕಿಟಕಿ ಅಪ್ಪನಿಗೆ."

"ನಡುವೆ?" ಕಾಜಾ ಅಕ್ಕ ಗುಂಡಿಯಿಂದ ತಲೆ ಎತ್ತಲಿಲ್ಲ.

"ನಡುವೆ... ದಾರಿ ತೋರಿಸೋರು ಬೇಕಲ್ಲ ಅಕ್ಕ. ಬರ್ತಾರಾ ಅಂತ ಕೇಳಿ."

"ನಾನ್ಯಾಕೆ ಕೇಳಲಿ? ನಿನಗೇನು ಬಾಯಿಗೆ ಕಾಜಾ ಹಾಕಿಲ್ವಾ?"

ಬರುತ್ತೇನೆ ಎಂದು ಅವಳು ತಲೆಯಾಡಿಸಿದಳು. ಪರದೆಯ ಸಂದಿಯಲ್ಲಿ ಅಷ್ಟು ಕಂಡದ್ದೇ ಸಾಕೆಂಬಂತೆ ಅವನು ಓಡಿದ. ಬೀಗದ ಕೈ ಕೌಂಟರ್ ಮೇಲೇ ಉಳಿದಿತ್ತು, ಅದಕ್ಕೆಂದು ಮತ್ತೆ ಬಂದ.

*

ಗುರುವಾರ ಅವನು ಅಪ್ಪನನ್ನು ಅಳತೆಗೆ ಕರೆತಂದ. ಪ್ರಯಾಣಕ್ಕೊಂದು ಹೊಸ ಶರ್ಟು ಬೇಕಿತ್ತು. ಮುದುಕರು ನಲವತ್ತು ವರ್ಷ ಮನೆಗಳಿಗೆ ಬಣ್ಣ ಬಳಿದವರು. ಉಗುರಿನ ಬುಡದಲ್ಲಿ ಇನ್ನೂ ಹಸಿರು ಇತ್ತು. ಕಣ್ಣು ಮಾತ್ರ ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು.

"ಡಾಕ್ಟರು ಇನ್ನು ತಡ ಮಾಡಬೇಡಿ ಅಂದ್ರು," ಮಗ ತಗ್ಗಿದ ದನಿಯಲ್ಲಿ ಹೇಳಿದ. "ಏನು ನೋಡೋದಿದ್ದರೂ ಈ ವರ್ಷ. ಅದೂ ಒಳ್ಳೆ ಬಿಸಿಲು ಬಿದ್ದಿದ್ದರೆ ಮಾತ್ರ ಬಣ್ಣ ಗೊತ್ತಾಗುತ್ತೆ. ನೆರಳಲ್ಲಿ ಎಲ್ಲಾ ಬೂದಿ."

ಅವಳು ಭುಜದ ಅಳತೆ ತೆಗೆಯುವಾಗ ಮುದುಕರು ಕೇಳಿದರು, "ನೀನೇನಾ ತಾಯಿ, ಬಂಡೆ ನೋಡಿ ಬಂದವಳು? ಆ ಹಳದಿ ಎಂಥ ಹಳದಿ? ನಿಂಬೆಯದೋ, ಅರಿಶಿನದ್ದೋ?"

ಅವಳು ಟೇಪನ್ನು ಕತ್ತಿಗೆ ಹಾಕಿಕೊಂಡಳು. "ಎರಡೂ ಅಲ್ಲ ಅಜ್ಜ. ಹಳೇ ಪುಸ್ತಕದ ಹಾಳೆ ಇರುತ್ತಲ್ಲ, ಅದರ ಅಂಚಿನ ಥರ. ಕೆಂಪಿನ ಹತ್ತಿರ ಬಂದಾಗ ಸ್ವಲ್ಪ ನಾಚಿಕೊಂಡ ಹಾಗೆ."

ಮುದುಕರು ಕಣ್ಣು ಮುಚ್ಚಿ ಆ ಬಣ್ಣ ಕಲಸಿದರು. "ಗೊತ್ತಾಯಿತು," ಎಂದರು. "ಬಿಳಿ ಬೆರೆಸಿದ ಹಳದಿಗೆ ಒಂದು ಚಮಚ ಕಾವಿ. ನೋಡು ಮಗ, ನೋಡಿದ ಕಣ್ಣು ಅಂದ್ರೆ ಇದು."

ಅವನು ಅವಳನ್ನು ಹೆಮ್ಮೆಯಿಂದ ನೋಡಿದ. ಆ ನೋಟವನ್ನು ಕದ್ದ ಬಟ್ಟೆಯಂತೆ ಎಲ್ಲಿ ಬಚ್ಚಿಡಲಿ ಎಂದು ಅವಳಿಗೆ ತಿಳಿಯಲಿಲ್ಲ.

"ಯಾಕೇ ಮುಖ ಹೀಗೆ?" ಆಮೇಲೆ ಕಾಜಾ ಅಕ್ಕ ಕೇಳಿದಳು.

"ಹೇಗಿದೆ? ಏನೂ ಇಲ್ಲವಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು," ಎಂದು ಅವಳು ದಾರ ಕಚ್ಚಿ ತುಂಡರಿಸಿದಳು.

*

ಶುಕ್ರವಾರ ಮಧ್ಯಾಹ್ನ. ಮುದುಕರ ಶರ್ಟಿಗೆ ಜೇಬೊಂದೇ ಬಾಕಿ. ಎಡ ಎದೆಯ ಮೇಲೆ ಜೇಬಿಟ್ಟು, ಸೀಮೆಸುಣ್ಣದ ಗುರುತು ಹಾಕಿ, ಎಂದಿನಂತೆ ಚಿತ್ರದ ಕಡೆ ನೋಡಿದಳು.

ದೋಣಿಯವನ ಜೇಬು ಬಲಗಡೆ ಇತ್ತು.

ಎದ್ದು ಹತ್ತಿರ ಹೋದಳು. ಗಾಜು ಒರೆಸಿದಳು. ಬೆರಳುದ್ದವಿದ್ದ ಆ ಮನುಷ್ಯನ ಶರ್ಟಿನ ಜೇಬು ಬಲ ಎದೆಯ ಮೇಲೆ. ಗುಂಡಿಪಟ್ಟಿಯೂ ಹೆಂಗಸರ ಕುಪ್ಪಸದಂತೆ ಬಲದಿಂದ ಎಡಕ್ಕೆ. ಸಾವಿರಾರು ಶರ್ಟು ಹೊಲಿದ ಅವಳು ಯಾವ ದರ್ಜಿಯೂ ಹಾಗೆ ಹೊಲಿದದ್ದನ್ನು ಕಂಡಿರಲಿಲ್ಲ. ದರ್ಜಿ ತಪ್ಪಿರಲಿಲ್ಲ. ಚಿತ್ರವನ್ನೇ ತಿರುಗುಮುರುಗಾಗಿ ಅಚ್ಚು ಹಾಕಿದ್ದರು. ಸ್ಟುಡಿಯೋದವರು ಯಾಕೆ ಪುಕ್ಕಟೆ ಕೊಟ್ಟರೆಂದು ಈಗ ಅರ್ಥವಾಯಿತು.

ಹಾಗಿದ್ದರೆ ಬಂಡೆ ಬಲಗೈಗೆ, ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಅಲ್ಲಿ ಬಿಸಿಲೇ ಬೀಳುವುದಿಲ್ಲ. ಮುದುಕರು ಹೊಸ ಶರ್ಟು ಹಾಕಿಕೊಂಡು ಅಷ್ಟು ದೂರ ಹೋಗಿ ಬೂದಿ ನೋಡಿ ಬರುತ್ತಾರೆ.

ಹೇಳದೇ ಇರಬಹುದಿತ್ತು. 'ಚಿಕ್ಕವಳಿದ್ದೆ, ಮರೆತಿದ್ದೆ' ಎಂದರೆ ಯಾರು ಬೈಯುತ್ತಿದ್ದರು? ಆದರೆ ಆ ಮುಚ್ಚಿದ ಕಣ್ಣುಗಳ ಹಿಂದೆ ಕಲಸಿಟ್ಟ ಹಳದಿ ಅವಳನ್ನು ಕೂರಲು ಬಿಡಲಿಲ್ಲ.

ಸಂಜೆ ಅವನು ಶರ್ಟು ಒಯ್ಯಲು ಬಂದಾಗ ಅವಳು ಪರದೆ ಸರಿಸಿದಳು. "ಸ್ವಲ್ಪ ಒಳಗೆ ಬನ್ನಿ."

ಕಾಜಾ ಅಕ್ಕ ಅವಳ ಮುಖ ನೋಡಿ, ಗುಂಡಿ ಡಬ್ಬಿ ಎತ್ತಿಕೊಂಡು ಆಚೆ ಸರಿದಳು.

"ನಾನು ನೋಡಿದ್ದು ಇದನ್ನ," ಅವಳು ಗೋಡೆಗೆ ಬೆರಳು ತೋರಿದಳು. ನೆಲ ನೋಡುತ್ತಲೇ ಎಲ್ಲ ಹೇಳಿದಳು. "ಬಂಡೆ ನೋಡಿಲ್ಲ. ಟೂರಿಗೆ ಹೋಗಿಲ್ಲ. ಏಳನೇ ಕ್ಲಾಸೂ ಮುಗಿಸಿಲ್ಲ. ಈ ಚಿತ್ರ ಉಲ್ಟಾ ಇದೆ. ಬೆಳಿಗ್ಗೆ ಕರಕೊಂಡು ಹೋಗಬೇಡಿ, ಅಜ್ಜನಿಗೆ ಏನೂ ಕಾಣಲ್ಲ."

ಅವನು ಚಿತ್ರ ನೋಡಿದ. ತುಂಬ ಹೊತ್ತು ನೋಡಿದ. ವಾಲಿದ ಮರದ ಮೇಲೆ ಒಂದು ಸಲ ಬೆರಳಿಟ್ಟ.

"ಅಪ್ಪ ನಿನ್ನೆಯಿಂದ ಅದೇ ಹಳದಿ ಮಾತಾಡ್ತಿದ್ದಾರೆ," ಎಂದ. ಬೈದಿದ್ದರೆ ಚೆನ್ನಾಗಿತ್ತು. ಶರ್ಟನ್ನು ಹಾಗೇ ಬಿಟ್ಟು ಹೋದ.

ಅವಳು ಮಿಷನ್ನಿನ ಮುಂದೆ ಕೂತಳು. ಕಾಲು ತುಳಿಯುತ್ತಿತ್ತು, ಸೂಜಿಯಲ್ಲಿ ದಾರವೇ ಇರಲಿಲ್ಲ. ಕಾಜಾ ಅಕ್ಕ ಬಂದು ತಲೆ ಮೇಲೆ ಕೈಯಿಟ್ಟಳು. "ಅಳಬೇಡ ಕಣೇ. ಬಟ್ಟೆ ಮೇಲೆ ಕಲೆ ಬೀಳುತ್ತೆ."

*

ಶನಿವಾರ ಇಡೀ ದಿನ ಬೀದಿಯಲ್ಲಿ ಹೋದ ವ್ಯಾನೆಲ್ಲ ಬೇಕರಿಯದೇ ಅನ್ನಿಸಿತು. ಐದಕ್ಕೆ ನಿಜವಾದದ್ದು ಬಂದು ನಿಂತಿತು.

"ಅಕ್ಕ, ಸೂಜಿ ಇದ್ದಾರಾ?" ಅವನು ಅವಳನ್ನು ಹೆಸರು ಹಿಡಿದು ಕೇಳಿದ್ದು ಅದೇ ಮೊದಲು.

"ಇದ್ದಾಳೆ. ಚುಚ್ಚೋಕೆ ಬಂದಿದ್ದರೆ ಅವಳಿಗಿಂತ ಮೊದಲು ನಾನಿದ್ದೀನಿ."

ಅವನು ಪರದೆಯ ಆಚೆ ನಿಂತೇ ಮಾತಾಡಿದ. "ಅಪ್ಪನಿಗೆ ಎಲ್ಲಾ ಹೇಳಿದೆ."

ಒಳಗೆ ಅವಳು ಕಣ್ಣು ಮುಚ್ಚಿದಳು.

"ಮೊದಲು ನನ್ನ ತಲೆಗೊಂದು ಮೊಟಕಿದರು. ಆಮೇಲೆ 'ಚಿತ್ರ ಉಲ್ಟಾ ಆದರೆ ಬಣ್ಣವೂ ಉಲ್ಟಾ ಆಗುತ್ತೇನೋ ದಡ್ಡ? ಹಳದಿ ಹಳದಿಯೇ. ಆ ಹುಡುಗಿ ನೋಡಿದ್ದು ಸುಳ್ಳಲ್ಲ' ಅಂದರು."

ಪರದೆ ನಿಧಾನವಾಗಿ ಸರಿಯಿತು. ಅವಳ ಕಣ್ಣು ಕೆಂಪಾಗಿದ್ದವು. ಅವನದ್ದೂ ನಿದ್ದೆಗೆಟ್ಟ ಮುಖ.

"ಸೋಮವಾರ ಮಧ್ಯಾಹ್ನ ತರಬೇಕಿದ್ದ ಹಿಟ್ಟನ್ನ ಬೆಳಿಗ್ಗೆಯೇ ತಂದುಹಾಕಿಬಿಡ್ತೀನಿ ಅಂದೆ. ಓನರ್ ರಾತ್ರಿ ತನಕ ವ್ಯಾನ್ ಕೊಟ್ಟರು. ಮಧ್ಯಾಹ್ನ ಹೊರಡೋದು. ಬಂಡೆ ಹೋಗುವಾಗ ಬಲಕ್ಕಿದ್ದರೆ, ಬರುವಾಗ ಎಡಕ್ಕೆ ತಾನೇ? ಸಂಜೆ ಬಿಸಿಲು ಅವುಗಳ ಮುಖದ ಮೇಲೆ ಇರುತ್ತೆ, ಅಪ್ಪ ಎಡಗಡೆ ಕಿಟಕೀಲಿ ಇರ್ತಾರೆ. ನಿಧಾನಕ್ಕೆ ಓಡಿಸ್ತೀನಿ."

"ಒಳ್ಳೇದಾಯ್ತು," ಎಂದಳು. "ಹೋಗಿಬನ್ನಿ."

"ನೀವು?"

"ನಾನ್ಯಾಕೆ? ದಾರಿ ತೋರಿಸೋಕೆ ನನಗೇನು ಗೊತ್ತು?"

"ನೋಡದವರು ಇಬ್ಬರೇ ಅಂದುಕೊಂಡಿದ್ದೆ. ಮೂವರಾದೆವು. ಸೀಟೂ ಮೂರೇ ಇದೆ."

ಅವಳು ಗೋಡೆಯ ಚಿತ್ರ ಇಳಿಸಿ, ಟ್ರಯಲ್ ರೂಮಿನ ಕನ್ನಡಿಯ ಎದುರು ಹಿಡಿದಳು. ಕನ್ನಡಿಯೊಳಗೆ ಬಂಡೆಗಳು ಬಲಕ್ಕೆ ಸರಿದವು. ದೋಣಿಯವನ ಜೇಬು ಎಡ ಎದೆಗೆ ಬಂತು. ಚೌಕಟ್ಟಿನ ಮೇಲೆ ಎರಡು ಮುಖ ಕಂಡವು, ಅವಳದು ಮುಂದೆ, ಅವನದು ಅವಳ ಭುಜದಾಚೆ. ನೇರ ನೋಡಲಾಗದ ಕಣ್ಣನ್ನು ಕನ್ನಡಿಯಲ್ಲಿ ನೋಡಬಹುದಿತ್ತು. ನೋಡಿದಳು.

"ನಂದೂ ಒಂದು ಸುಳ್ಳಿದೆ," ಕನ್ನಡಿಯಲ್ಲಿದ್ದವನು ತೊದಲಿದ. "ಆ ಜೇಬುಗಳು..."

"ಬ್ಲೇಡು."

ಅವನು ಕತ್ತಿನವರೆಗೆ ಕೆಂಪಾದ. "ಗೊತ್ತಿತ್ತಾ? ಯಾವಾಗಿಂದ?"

"ಮೂರನೇ ಶರ್ಟಿಂದ."

"ಮತ್ತೆ ಹೇಳಲಿಲ್ಲ?"

"ಹೇಳಿದ್ದರೆ ನಾಲ್ಕನೆಯದು ಬರುತ್ತಿರಲಿಲ್ಲವಲ್ಲ."

ಹೊರಗೆ ಕಾಜಾ ಅಕ್ಕನ ಡಬ್ಬಿಯಿಂದ ಗುಂಡಿಗಳು ಜಾರಿ ನೆಲದ ತುಂಬ ಉರುಳಿದವು. ಅಕ್ಕ ಆರಿಸಲು ಬಗ್ಗಲಿಲ್ಲ, ಕಿವಿ ಪರದೆಯ ಕಡೆಗೇ ಇತ್ತು.

ಸೂಜಿ ಚಿತ್ರ ಕೆಳಗಿಟ್ಟಳು. ಅವನು ಹಾಕಿಕೊಂಡಿದ್ದ ಶರ್ಟಿನ ಜೇಬಿನ ಒಂದು ಮೂಲೆ ಆಗಲೇ ಬಿಚ್ಚಿ ನೇತಾಡುತ್ತಿತ್ತು. ಅವಳು ದಾರ ಪೋಣಿಸಿ ಹತ್ತಿರ ಬಂದಳು. "ಅಲ್ಲಾಡಬೇಡಿ, ಚುಚ್ಚುತ್ತೆ." ಅವನು ಉಸಿರು ಬಿಗಿಹಿಡಿದು ನಿಂತ. ಬಟ್ಟೆಯ ಆಚೆ ಅವನ ಎದೆ ಹೊಡೆದುಕೊಳ್ಳುವುದು ಅವಳ ಬೆರಳಿಗೆ ತಿಳಿಯುತ್ತಿತ್ತು.

ಒಂದು ಹೊಲಿಗೆ, ಅದರ ಮೇಲೆ ಇನ್ನೊಂದು. ಗಂಟು ಹಾಕಿ, ಬಗ್ಗಿ, ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಇದು ಇನ್ನು ಬ್ಲೇಡಿಗೂ ಬಗ್ಗಲ್ಲ," ಎಂದಳು.

"ಹಾಗಾದ್ರೆ ನಾನು ಏನು ನೆಪ ಹೇಳಿಕೊಂಡು ಬರಲಿ?"

"ಸೋಮವಾರ ಮಧ್ಯಾಹ್ನ ಬಂದು ಹಾರ್ನ್ ಹೊಡೀರಿ," ಅವಳು ತಲೆ ಎತ್ತಿ ಅವನನ್ನೇ ನೋಡಿದಳು, ಕನ್ನಡಿಯಲ್ಲಲ್ಲ. "ಆಮೇಲಿಂದ ನೆಪ ಬೇಡ."